ಟೆನ್ಶನ್ ಕಮ್ಮಿ ಇರೋ ಕೈಕೆಲಸ ಯಾವುದು ಅಂತ ಕೇಳಿದ ಅಕ್ಕನಿಗೆ

ಅಕ್ಕ, ನೀವು ಹಾಕಿದ್ದು ಓದ್ದೆ. ಮಗ ಬೆಂಗಳೂರಲ್ಲಿ ಟಾರ್ಗೆಟ್ಟು ಟಾರ್ಗೆಟ್ಟು ಅಂತ ನಿದ್ದೆ ಕೆಡಿಸ್ಕೊಂಡು ಈಗ ಸಿದ್ದಾಪುರಕ್ಕೆ ವಾಪಸ್ ಬಂದಿದಾನೆ, ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಗಿ ಇದ್ರಲ್ಲಿ ಯಾವುದು ಕಲಿತ್ರೆ ನೆಮ್ಮದಿ ಅಂತ ಕೇಳಿದೀರ. ನಾನು ಕೊಡಗಿನ ಗೋಣಿಕೊಪ್ಪ ಕಡೆ ಮೋಟರ್ ರಿಪೇರಿ, ರಿವೈಂಡಿಂಗ್ (ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತೋದು) ಮಾಡ್ತಾ 19 ವರ್ಷ ಆಯ್ತು, ಅದಕ್ಕೂ ಮುಂಚೆ ಮನೆ ವೈರಿಂಗ್ ಮಾಡ್ತಿದ್ದೆ, ಹಾಗಾಗಿ ನನಗೆ ತೋಚಿದ್ದು ಹೇಳ್ತೀನಿ.

ಕೆಲಸದ ಹೆಸರು ಆಮೇಲೆ ನೋಡಿ. ಆ ಕೆಲಸದವನಿಗೆ ಫೋನ್ ಯಾವ ಹೊತ್ತಲ್ಲಿ ಬರುತ್ತೆ, ಮಾಡಿದವರಿಗೆ ಎಷ್ಟು ಅರ್ಜೆಂಟಿರುತ್ತೆ, ಅದನ್ನ ಮೊದಲು ವಿಚಾರಿಸಿ.

ನನ್ನದೇ ತಗೊಳ್ಳಿ. ಫೆಬ್ರವರಿ-ಮಾರ್ಚಲ್ಲಿ ರೊಬಸ್ಟಾ ಕಾಫಿ ಗಿಡಕ್ಕೆ ಹೂ ಅರಳಲಿ ಅಂತ ನೀರು ಹೊಡೀತಾರಲ್ಲ, ಅರ್ಧ ತೋಟ ಮುಗ್ದಾಗ ಪಂಪ್ ನಿಂತೋದ್ರೆ ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತೆ, ಅವರನ್ನ ತಪ್ಪು ಅನ್ನೋಕಾಗಲ್ಲ, ನೀರು ಸಾಲದೆ ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗಿ ನಿಂತ್ರೆ ವರ್ಷದ ಫಸಲೇ ಹೋಯ್ತು ಅಂತ ಅವರಿಗೂ ಗೊತ್ತು ನನಗೂ ಗೊತ್ತು, ಟಾರ್ಚ್ ಹಿಡ್ಕೊಂಡು ಕೆರೆ ಹತ್ರ ಹೋಗಿ ಪಂಪ್ ಬಿಚ್ಚೋದೇ. ಆನೆ ಓಡಾಡೋ ಜಾಗ ಬೇರೆ. ಆ ಎರಡು ತಿಂಗಳು ನನಗೆ ನೆಮ್ಮದಿ ಇಲ್ಲ, ಸುಳ್ಳು ಹೇಳಲ್ಲ.

ಆದ್ರೆ ಅದೇ ಕೆಲಸದಲ್ಲಿ ಬೆಂಚ್ ಮುಂದೆ ಕೂತು ಮಾಡೋ ಭಾಗ ಇದೆಯಲ್ಲ, ರಿವೈಂಡಿಂಗ್, ಅದು ಬೇರೆನೇ. ಸುಟ್ಟ ಸ್ಟೇಟರ್ (ಮೋಟರಿನ ತಿರುಗದ ಭಾಗ) ಬಂದ ತಕ್ಷಣ ಎಷ್ಟು ಸ್ಲಾಟು ಅಂದ್ರೆ ತಂತಿ ಕೂರೋ ಸಂದು, ಒಂದೊಂದು ಕಾಯಿಲಿಗೆ ಎಷ್ಟು ಸುತ್ತು, ತಂತಿ ಎಷ್ಟು ಗೇಜು ಅಂತ ಎಣಿಸಿ ಬರ್ಕೋಬೇಕು, ಹಳೇ ತಂತಿ ಕಿತ್ತು ಎಸೆದ ಮೇಲೆ ಆ ಲೆಕ್ಕ ಸಿಗಲ್ಲ. ಆಮೇಲೆ ಪ್ರತಿ ಸ್ಲಾಟಿಗೂ ಪೇಪರ್ ಕೂರಿಸಿ ಹೊಸ ತಾಮ್ರದ ತಂತಿ ನಾಲ್ಕೈದು ಎಳೆ ನಾಲ್ಕೈದು ಎಳೆ ಇಳಿಸ್ತಾ ಬಿದಿರು ಚಕ್ಕೆಯಿಂದ ಮೆತ್ತಗೆ ಒತ್ತೋದು. ತಂತಿ ಮೇಲಿನ ಎನಾಮಲ್ ಲೇಪ ಒಂದು ಕಡೆ ಕೆರೆದ್ರೂ ಮತ್ತೆ ಸುಡುತ್ತೆ, ಅದಕ್ಕೆ ಅವಸರ ಮಾಡೋ ಹಾಗೇ ಇಲ್ಲ. ಮಳೆಗಾಲದಲ್ಲಿ ನಮ್ಮ ಥಂಡಿಗೆ ವಾರ್ನಿಶ್ ಒಣಗಲ್ಲ ಅಂತ ತಗಡಿನ ಪೆಟ್ಟಿಗೆ ಒಳಗೆ ಬಲ್ಬ್ ಹಾಕಿ ಇಡ್ತೀನಿ, ಕೊನೆಗೆ ಮೆಗ್ಗರ್ ಅನ್ನೋ ಮೀಟರ್ ಹಿಡಿದು ಇನ್ಸುಲೇಶನ್ ಸರಿ ಇದೆ, ಕರೆಂಟ್ ಸೋರಲ್ಲ ಅಂತ ತೋರಿಸಿದ್ಮೇಲೇ ಗಿರಾಕಿಗೆ ಕೊಡೋದು. ಒಬ್ಬನೇ ಕೂತು ಮಾಡೋ ಈ ಕೆಲಸ ನನಗೆ ತುಂಬಾ ಇಷ್ಟ ಅಕ್ಕ. ನಿಮ್ಮ ಹುಡುಗ ಮಾತು ಕಮ್ಮಿ ಅಂದ್ರಲ್ಲ, ಅವನಿಗೆ ಹೊಂದಬಹುದು ಅನ್ಸುತ್ತೆ.

ಮನೆ ವೈರಿಂಗ್‌ನಲ್ಲಿ ಕೆಲಸಕ್ಕಿಂತ ದುಡ್ಡು ವಸೂಲಿ ತಲೆನೋವು. ಒಬ್ಬ ಕಂಟ್ರಾಕ್ಟರ್ ನನಗೆ ಎರಡು ಮನೆ ದುಡ್ಡು ಕೊಡ್ಲೇ ಇಲ್ಲ, ಅದಕ್ಕೇ ಬಿಟ್ಟೆ. ಹೋಗೋದಾದ್ರೆ ನೇರ ಮನೆಯವರ ಹತ್ರ ಮಾತಾಡಿ, ಕೆಲಸ ಅರ್ಧ ಆದಾಗ ಅರ್ಧ ದುಡ್ಡು ತಗೊಂಡೇ ಮುಂದುವರೀಬೇಕು. ಪ್ಲಂಬಿಂಗ್ ನನಗೆ ಅಷ್ಟು ಗೊತ್ತಿಲ್ಲ. ವೆಲ್ಡಿಂಗ್ ಕಣ್ಣಿಗೆ ಕಷ್ಟ, ಅಸ್ತಮಾ ಇದ್ರಂತೂ ಬೇಡವೇ ಬೇಡ. ಬಡಗಿ ಕೆಲಸ ಒಳ್ಳೇದು, ಕಕ್ಕಡದ (ಜುಲೈ-ಆಗಸ್ಟ್) ಮಳೆಲೂ ಶೆಡ್ಡೊಳಗೆ ಕೂತು ಬಾಗಿಲು ಕಿಟಕಿ ಮಾಡ್ಬಹುದು, ಜೊತೆಗೆ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಲಿ ಬಡಗಿಗಳೂ ಬರ್ತಾರೆ, ಸಾಮಾನು ತಗೊಳ್ಳೋಕೆ 15,000 ರೂಪಾಯಿ, ಮೊದಲ ಕಂತಲ್ಲಿ 1 ಲಕ್ಷದ ತನಕ 5% ಬಡ್ಡಿಗೆ ಸಾಲ. ಎಲೆಕ್ಟ್ರಿಷಿಯನ್ನರಿಗೆ ಆ ಯೋಜನೆ ಇಲ್ಲ.

ಕಲಿಯೋದು ಹೇಗೆ ಅಂದ್ರೆ, ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷ, ಪ್ಲಂಬರ್, ವೆಲ್ಡರ್ ಒಂದು ವರ್ಷ. ಎಲೆಕ್ಟ್ರಿಕಲ್ ಕಡೆ ಬರೋದಾದ್ರೆ ಸರ್ಟಿಫಿಕೇಟ್ ಬಿಡ್ಬೇಡಿ, ಮುಂದೆ ಪರ್ಮಿಟ್, ಲೈಸೆನ್ಸ್ ಮಾಡಿಸ್ಬೇಕಾದಾಗ ಅದೇ ಕೈ ಹಿಡಿಯೋದು. ಆದ್ರೆ ಫೀಸ್ ಕಟ್ಟೋಕೆ ಮುಂಚೆ ಒಂದು ಹದಿನೈದು ದಿನ ಯಾರದಾದ್ರೂ ಅಂಗಡಿಲಿ ಸುಮ್ನೆ ಕೂರಿಸಿ. ಸಂಜೆ ಮನೆಗೆ ಬಂದಾಗ ಅವನ ಮುಖ ಹೇಗಿರುತ್ತೆ, ರಾತ್ರಿ ನಿದ್ದೆ ಮಾಡ್ತಾನಾ ಅಂತ ನೀವೇ ನೋಡಿ.

ನನ್ನ ಹತ್ರ ಕಳಿಸೋದಾದ್ರೆ ಕಳಿಸಿ, ಜೂನ್ ಆದ್ಮೇಲೆ, ಆಗ ನಂಗೂ ಹೇಳಿಕೊಡೋಕೆ ಪುರುಸೊತ್ತಿರುತ್ತೆ. ಬರುವಾಗ ಹಳೇ ಪ್ಯಾಂಟು ಹಾಕ್ಕೊಂಡು ಬರ್ಲಿ, ವಾರ್ನಿಶ್ ಕಲೆ ಹೋಗಲ್ಲ.