ಹಲ್ಲಿಗೆ ಕ್ಲಿಪ್ ಹಾಕಿಸಿದಾಗ ಬೇರು ಯಾಕೆ ಸವೆಯುತ್ತದೆ?

ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ತಂತಿ ಹಲ್ಲನ್ನು ತಳ್ಳಿದಾಗ ಒಂದು ಬದಿಯಲ್ಲಿ ಈ ಪದರ ಅದುಮಿಹೋಗುತ್ತದೆ. ಒತ್ತಡ ಜಾಸ್ತಿಯಾದರೆ ಅಲ್ಲಿನ ಸಣ್ಣ ರಕ್ತನಾಳಗಳು ಮುಚ್ಚಿ ಜೀವಕೋಶಗಳು ಸಾಯುತ್ತವೆ. ತೊಂದರೆ ಶುರುವಾಗುವುದು ಇಲ್ಲೇ.

ಸತ್ತ ಭಾಗವನ್ನು ಶುಚಿ ಮಾಡಲು ಮ್ಯಾಕ್ರೋಫೇಜ್‌ನಂಥ ಕೋಶಗಳು ಬರುತ್ತವೆ. ಆ ಭರದಲ್ಲಿ ಬೇರನ್ನು ಕಾಯುವ ಸಿಮೆಂಟಮ್‌ನ ಮೇಲ್ಪದರವನ್ನೂ ಕೆರೆದುಬಿಡುತ್ತವೆ. ಹೊದಿಕೆ ಹೋದ ಮೇಲೆ ಒಡಾಂಟೋಕ್ಲಾಸ್ಟ್ ಎಂಬ ಕೋಶಗಳು ಬೇರನ್ನೇ ಕರಗಿಸತೊಡಗುತ್ತವೆ. ಇವಕ್ಕೆ ಕುಮ್ಮಕ್ಕು ಕೊಡುವುದು ರ‍್ಯಾಂಕ್‌ಎಲ್ ಎಂಬ ಪ್ರೋಟೀನ್. ಮೂಳೆ ಕರಗಿ ಹಲ್ಲು ಸರಿಯಲು ಬೇಕಾದದ್ದೂ ಅದೇ! ಹಾಗಾಗಿ ಅಲ್ಪಸ್ವಲ್ಪ ಸವೆತ ತಪ್ಪಿಸುವುದು ಕಷ್ಟ, ಅಲ್ವಾ?

ಎಲ್ಲರಿಗೂ ಒಂದೇ ಥರ ಆಗುವುದಿಲ್ಲ. ವಂಶವಾಹಿಗಳ ಪಾತ್ರವೂ ಇದೆ. ಮೇಲಿನ ಮುಂದಿನ ಹಲ್ಲುಗಳಿಗೆ ಅಪಾಯ ಹೆಚ್ಚು.

ಒತ್ತಡ ನಿಂತರೆ ಹೊಸ ಸಿಮೆಂಟಮ್ ಬೆಳೆದು ಸಣ್ಣ ಗುಂಡಿಗಳು ಮುಚ್ಚುತ್ತವೆ. ಆದರೆ ಮೊಟಕಾದ ಬೇರಿನ ತುದಿ ಮತ್ತೆ ಉದ್ದವಾಗುವುದಿಲ್ಲ. ಅದಕ್ಕೇ ಹೇಳುತ್ತೇನೆ, ಚಿಕಿತ್ಸೆಯ ನಡುವೆ ಡಾಕ್ಟರು ಎಕ್ಸ್‌ರೇ ಕೇಳಿದರೆ ಸುಮ್ನೆ ಖರ್ಚು ಅಂದುಕೊಳ್ಳಬೇಡಿ. ಸವೆತ ಕಂಡರೆ ಕೆಲವು ತಿಂಗಳು ತಂತಿಯ ಒತ್ತಡಕ್ಕೆ ಬಿಡುವು ಕೊಡಬಹುದು.