ಒಂದು ಬಟ್ಟೆ, ಇಪ್ಪತ್ತು ಕಾರು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಕಾರಿನ ಹೊಳಪಿನ ಬಗ್ಗೆಯೇ ಇವೆ. ದಸರಾ ಹತ್ತಿರ ಬಂತಲ್ಲ, ಅದಕ್ಕೇ ಇರಬೇಕು. ಮೈಲೇಜ್, ಕ್ಲಚ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ, ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಎರಡು ತಿಂಗಳ ಹಿಂದೆ ಮೊದಲ ಕಾರು ತಗೊಂಡೆ. ಕಡು ನೀಲಿ ಬಣ್ಣ. ವಿಡಿಯೊ ನೋಡಿ ನೋಡಿ ಆನ್‌ಲೈನ್ ಕಾರ್ಟ್‌ಗೆ ಶಾಂಪೂ, ಫೋಮ್ ಗನ್, ಕ್ಲೇ, ಕಾಂಪೌಂಡ್, ಪಾಲಿಶ್, ವ್ಯಾಕ್ಸ್, ಟೈರ್ ಜೆಲ್ ಅಂತ 14 ಐಟಂ ಹಾಕಿದ್ದೇನೆ. 9,000 ರೂಪಾಯಿ ದಾಟಿದೆ. ಇಷ್ಟೆಲ್ಲ ಬೇಕಾ?
– ಒಬ್ಬ ಓದುಗರು, ಹುಬ್ಬಳ್ಳಿ

ಬೇಡ. ಹತ್ತು ಐಟಂ ತೆಗೆದುಬಿಡಿ, ಕಾಂಪೌಂಡ್ ಮೊದಲು ತೆಗೆಯಿರಿ, ಅದು ಪೇಂಟನ್ನೇ ಉಜ್ಜಿ ಸವೆಸುವ ಒರಟು ಪೇಸ್ಟ್.

ದುಡ್ಡು ಕೊಡುವ ಮುಂಚೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಬಾನೆಟ್ ಮೇಲೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಬೆಳಕಿನ ಸುತ್ತ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಗೆರೆಗಳು ಕಾಣಿಸುತ್ತವಾ? ಅದಕ್ಕೆ ಸ್ವರ್ಲ್ ಮಾರ್ಕ್ ಅನ್ನುತ್ತಾರೆ. ಎರಡೇ ತಿಂಗಳ ಕಾರಿನಲ್ಲೂ ಇರುತ್ತವೆ, ಯಾಕೆಂದರೆ ಶೋರೂಮಿನಲ್ಲಿ ಡೆಲಿವರಿ ದಿನ ಯಾರೋ ಒಬ್ಬರು ಆತುರಾತುರವಾಗಿ ಒಂದು ಬಟ್ಟೆ ಆಡಿಸಿರುತ್ತಾರೆ. ಬಣ್ಣದ ಮೇಲೆ ಇರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40 ಮೈಕ್ರಾನ್ ಆಸುಪಾಸು ಇರುತ್ತದೆ. ನೀವು ಬರೆಯುವ ಕಾಗದದ ಹಾಳೆ 100 ಮೈಕ್ರಾನ್ ದಪ್ಪ. ಅದರ ಅರ್ಧಕ್ಕೂ ಕಮ್ಮಿ ದಪ್ಪದ ಪದರವನ್ನು ನಾವು ಹತ್ತು ಹದಿನೈದು ವರ್ಷ ಕಾಪಾಡಿಕೊಳ್ಳಬೇಕು. ಅದರ ಮೇಲೆ ಈ ಗೆರೆಗಳನ್ನು ಎಳೆಯುವುದು ಬಿಸಿಲೂ ಅಲ್ಲ, ಮಳೆಯೂ ಅಲ್ಲ, ಧೂಳು ಮೆತ್ತಿದ ಬಟ್ಟೆ ಹಿಡಿದ ನಮ್ಮದೇ ಕೈ.

ಹಾಗಾಗಿ ದುಡ್ಡನ್ನು ಬಟ್ಟೆಗೆ ಹಾಕಿ. ಒಳ್ಳೆಯ ಮೈಕ್ರೋಫೈಬರ್ ಬಟ್ಟೆ ಐದಾರು ಬೇಕು. ಪ್ಯಾಕೆಟ್ ಮೇಲೆ ಜಿಎಸ್‌ಎಂ ಅಂತ ಬರೆದಿರುತ್ತದೆ, ಅದು ಬಟ್ಟೆಯ ತೂಕದ ಲೆಕ್ಕ. ಒರೆಸಲು 350 ಸಾಕು, ನೀರು ಹೀರಲು 800ಕ್ಕಿಂತ ಮೇಲಿನ ದೊಡ್ಡ ಟವೆಲ್ ಒಂದು. ಅಂಚಿನಲ್ಲಿ ಗಟ್ಟಿ ಹೊಲಿಗೆ, ಚುಚ್ಚುವ ಲೇಬಲ್ ಇದ್ದರೆ ಲೇಬಲ್ ಕತ್ತರಿಸಿ ಹಾಕಿ. ಆಮೇಲೆ ಕೈಗೆ ಹಾಕಿಕೊಳ್ಳುವ ಒಂದು ವಾಶ್ ಮಿಟ್, ಕಾರಿಗೆಂದೇ ಮಾಡಿದ ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಶಾಂಪೂ, ಎರಡು ಬಕೆಟ್. ಬಕೆಟ್ ಮನೆಯಲ್ಲಿ ಇದ್ದೇ ಇರುತ್ತದೆ. ಕೊನೆಗೆ ಒಂದು ಸ್ಪ್ರೇ ವ್ಯಾಕ್ಸ್, ಪೇಂಟ್ ಮೇಲೆ ತೆಳು ರಕ್ಷಣೆಗೆ. ಎಲ್ಲ ಸೇರಿ ಎರಡೂವರೆ ಸಾವಿರದ ಒಳಗೆ ಮುಗಿಯಬೇಕು.

ಎರಡು ಬಕೆಟ್ ಯಾಕೆ ಅಂತ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೊದಲು ಪೈಪಿನಲ್ಲಿ ನೀರು ಬಿಟ್ಟು ಸಡಿಲ ಧೂಳನ್ನೆಲ್ಲ ಇಳಿಸಿ. ಮಿಟ್ಟನ್ನು ಶಾಂಪೂವಿನಲ್ಲಿ ಅದ್ದಿ ಒಂದು ಬಾಗಿಲಿನಷ್ಟು ಜಾಗ ಮಾತ್ರ ಒರೆಸಿ, ಒತ್ತಬೇಡಿ, ಸುತ್ತು ಸುತ್ತು ತಿರುಗಿಸಬೇಡಿ, ನೇರವಾಗಿ ಎಳೆಯಿರಿ. ಮತ್ತೆ ಶಾಂಪೂವಿಗೆ ಅದ್ದುವ ಮುಂಚೆ ಬರೀ ನೀರಿನ ಬಕೆಟ್‌ನಲ್ಲಿ ಜಾಲಾಡಿಸಿ ಹಿಂಡಿ. ಕಾರು ಮುಗಿದ ಮೇಲೆ ಆ ಎರಡನೇ ಬಕೆಟ್‌ನ ನೀರನ್ನು ನಿಧಾನಕ್ಕೆ ಬಗ್ಗಿಸಿ ಚೆಲ್ಲಿ, ತಳ ನೋಡಿ. ಒಂದು ಚಮಚದಷ್ಟಾದರೂ ಮಣ್ಣು, ಮಿನುಗುವ ಮರಳಿನ ಕಣ ಕೂತಿರುತ್ತದೆ. ಒಂದೇ ಬಕೆಟ್ ಆಗಿದ್ದರೆ ಅದಷ್ಟೂ ನಿಮ್ಮ ಬಾಗಿಲಿನ ಮೇಲೆ ಉಜ್ಜಿರುತ್ತಿತ್ತು. ಆ ತಳ ನೋಡಿದ ಮೇಲೆ ನಾನು ಯಾರ ಜೊತೆಯೂ ಈ ವಿಷಯಕ್ಕೆ ವಾದ ಮಾಡಿಲ್ಲ.

ಚಕ್ರ ಮೊದಲು ತೊಳೆಯಿರಿ, ಅದಕ್ಕೆ ಬೇರೆ ಬಟ್ಟೆ ಇರಲಿ. ಬ್ರೇಕ್ ಧೂಳು ಮೆತ್ತಿದ ಆ ಬಟ್ಟೆ ಇನ್ನು ಬಾಡಿ ಹತ್ತಿರ ಬರಬಾರದು. ಬಾಡಿಯನ್ನು ಮೇಲಿನಿಂದ ಕೆಳಗೆ ತೊಳೆಯಿರಿ. ಬಿಸಿಲಲ್ಲಿ ಬೇಡ. ಕೈ ಜಾರಿ ಬಟ್ಟೆ ನೆಲಕ್ಕೆ ಬಿದ್ದರೆ ಅವತ್ತಿಗೆ ಅದರ ಕೆಲಸ ಮುಗಿಯಿತು, ಕೊಡವಿ ಮತ್ತೆ ಶುರು ಮಾಡಬೇಡಿ. ಶಾಂಪೂ ನೊರೆ ಚಿಮ್ಮಿಸುವ ಫೋಮ್ ಗನ್ ನೋಡಲು ಮಜಾ, ಮಕ್ಕಳಿಗಂತೂ ಹಬ್ಬ, ಆದರೆ ಆರು ತಿಂಗಳು ಬಿಟ್ಟು ತಗೊಂಡರೂ ಏನೂ ಕಳೆದುಕೊಳ್ಳುವುದಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟ್. ಬೇಸ್‌ಮೆಂಟ್‌ನಲ್ಲಿ ಪೈಪ್ ಹಿಡಿಯಲು ಬಿಡುವುದಿಲ್ಲ. ತಿಂಗಳಿಗೆ 500 ರೂಪಾಯಿಗೆ ಒಬ್ಬ ಹುಡುಗ ದಿನಾ ಬೆಳಿಗ್ಗೆ ಒರೆಸುತ್ತಾನೆ. ಕಾರು ಕ್ಲೀನಾಗಿಯೇ ಇರುತ್ತದೆ, ಆದರೆ ಹೊಳಪು ಹೋಗಿದೆ.
– ಒಬ್ಬ ಓದುಗರು, ಬೆಂಗಳೂರು

ಹೊಳಪು ಹೋಗಿದ್ದು ದಿನಾ ಬೆಳಿಗ್ಗೆ ಒರೆಸುವುದರಿಂದಲೇ. ಹುಡುಗನದ್ದು ತಪ್ಪಿಲ್ಲ. ಒಂದು ಬಕೆಟ್, ಒಂದು ಬಟ್ಟೆ, ಇಪ್ಪತ್ತು ಕಾರು, ಒಂದೂವರೆ ಗಂಟೆ, ಅವನಾದರೂ ಏನು ಮಾಡಬೇಕು? ನಿಮ್ಮದು ಹದಿನೆಂಟನೇ ಕಾರಾದರೆ ಹದಿನೇಳು ಕಾರಿನ ಮಣ್ಣು ನಿಮ್ಮ ಬಾನೆಟ್‌ಗೆ ಬರುತ್ತದೆ. ಅವನಿಗೆ ಕೊಡುವ ದುಡ್ಡು ಕೊಡಿ, ಜೊತೆಗೆ ನಿಮ್ಮದೇ ನಾಲ್ಕು ಬಟ್ಟೆ ಕೊಡಿ, ದಿನಾ ಬೇಡ, ವಾರಕ್ಕೆರಡು ಸಲ ಸಾಕು ಅನ್ನಿ. ಅವನೂ ಖುಷಿಯಾಗುತ್ತಾನೆ.

ನೀರಿನ ವಿಷಯ ನಿಮಗೆ ಗೊತ್ತೇ ಇದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂದಿತ್ತು. ಅದಕ್ಕೇ ನಿಮ್ಮಂಥವರಿಗೆ ರಿನ್ಸ್‌ಲೆಸ್ ವಾಶ್ ಅನ್ನುವುದು ವರ. ಇದರಲ್ಲಿ ಬರುವ ಪಾಲಿಮರ್‌ಗಳು ಧೂಳಿನ ಕಣಕ್ಕೆ ಸುತ್ತಿಕೊಂಡು ಜಾರುವಂತೆ ಮಾಡುತ್ತವೆ, ಒರೆಸಿದ ಮೇಲೆ ನೀರು ಹಾಕಿ ತೊಳೆಯಬೇಕಾಗಿಲ್ಲ. ಆಪ್ಟಿಮಮ್ ಕಂಪನಿಯ ನೋ ರಿನ್ಸ್, ಅಂದರೆ ಒಎನ್‌ಆರ್ ಇದರಲ್ಲಿ ಹೆಸರಾದದ್ದು, 256 ಪಾಲು ನೀರಿಗೆ ಒಂದು ಪಾಲು. ಅಂದರೆ 4 ಲೀಟರ್ ನೀರಿಗೆ 16 ಎಂಎಲ್, ಒಂದು ದೊಡ್ಡ ಚಮಚಕ್ಕಿಂತ ಸ್ವಲ್ಪ ಜಾಸ್ತಿ. ಬೇರೆ ಕಂಪನಿಯದಾದರೆ ಬಾಟಲಿ ಮೇಲಿನ ಅಳತೆ ನೋಡಿ.

ಎಂಟು ಬಟ್ಟೆಗಳನ್ನು ಆ ನೀರಿನಲ್ಲಿ ನೆನೆಸಿಡಿ. ಅದೇ ದ್ರಾವಣವನ್ನು ಸ್ಪ್ರೇ ಬಾಟಲಿಗೂ ತುಂಬಿಕೊಂಡು ಒಂದೊಂದು ಬಾಗಿಲಿಗೆ ಹೊಡೆದು ಅರ್ಧ ನಿಮಿಷ ಬಿಡಿ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಒಂದು ಕಡೆ ಒರೆಸಿ ಹೊಸ ಮಡಿಕೆ ತಿರುಗಿಸಿ. ಎಲ್ಲ ಮಡಿಕೆ ಕೊಳೆಯಾದರೆ ಆ ಬಟ್ಟೆ ಪಕ್ಕಕ್ಕೆ. ಅದನ್ನು ಬಕೆಟ್‌ಗೆ ವಾಪಸ್ ಹಾಕಿದಿರೋ, ಹುಡುಗನ ಬಕೆಟ್ಟೇ ಆಯಿತು! ಮಳೆಗಾಲದಲ್ಲಿ ರಾಡಿ ಮೆತ್ತಿದ ಕಾರಿಗೆ ಇದು ಆಗುವುದಿಲ್ಲ, ಮೊದಲು ವಾಟರ್ ವಾಶ್‌ಗೆ ಹೋಗಿ ಬರೀ ನೀರು ಹೊಡೆಸಿ, ಬಟ್ಟೆ ಮುಟ್ಟಿಸಬೇಡಿ ಅಂತ ಹೇಳಿ ಬನ್ನಿ. ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಬಟ್ಟೆಗಳನ್ನು ಮನೆಯ ಬನಿಯನ್, ಲುಂಗಿ ಜೊತೆ ಮಷಿನ್‌ಗೆ ಹಾಕಬೇಡಿ, ಹತ್ತಿಯ ಎಳೆಗಳೆಲ್ಲ ಅಂಟಿಕೊಳ್ಳುತ್ತವೆ. ಫ್ಯಾಬ್ರಿಕ್ ಕಂಡೀಷನರ್ ಬೇಡವೇ ಬೇಡ, ಬಟ್ಟೆ ನೀರು ಹೀರುವುದನ್ನೇ ಮರೆಯುತ್ತದೆ.

ಬೋರ್‌ವೆಲ್ ನೀರಿನಲ್ಲಿ ತೊಳೆದ ಮೇಲೆ ಬಿಳಿ ಬಿಳಿ ಕಲೆ. ಯಾವ ಶಾಂಪೂ ಹಾಕಿದರೂ ಹೋಗುತ್ತಿಲ್ಲ.
– ಒಬ್ಬ ಓದುಗರು, ಕೋಲಾರ

ಶಾಂಪೂವಿನಿಂದ ಹೋಗುವ ಕಲೆ ಅದಲ್ಲ. ನಿಮ್ಮ ಗೀಸರ್ ಕಾಯಿಲ್ ಮೇಲೆ ಕೂರುವ ಸುಣ್ಣವೇ ಇಲ್ಲೂ ಕೂತಿದೆ, ಕ್ಯಾಲ್ಸಿಯಂ, ಮೆಗ್ನೀಸಿಯಂ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ನೆರಳಲ್ಲಿ, ಬಟ್ಟೆಯಲ್ಲಿ ಅದ್ದಿ ಕಲೆ ಮೇಲೆ ಒಂದು ನಿಮಿಷ ಇಡಿ, ಒರೆಸಿ, ಕೂಡಲೇ ನೀರು ಹಾಕಿ. ಹೊಸ ಕಲೆ ಹೋಗುತ್ತದೆ. ವರ್ಷಗಟ್ಟಲೆ ಬಿಸಿಲಲ್ಲಿ ಕಾದ ಕಲೆ ಕ್ಲಿಯರ್ ಕೋಟನ್ನೇ ತಿಂದಿರುತ್ತದೆ, ಅದಕ್ಕೆ ಪಾಲಿಶೇ ಗತಿ. ಇನ್ನು ಮುಂದೆ ತೊಳೆದ ತಕ್ಷಣ ಒಣ ಟವೆಲ್ ಹಾಸಿ ನೀರು ಹೀರಿಸಿ, ತಾನಾಗಿ ಒಣಗಲಿ ಅಂತ ಬಿಟ್ಟು ಕಾಫಿ ಕುಡಿಯಲು ಹೋಗಬೇಡಿ.

ರೈಲ್ವೆ ಸ್ಟೇಷನ್ ಪಕ್ಕದಲ್ಲೇ ದಿನಾ ಪಾರ್ಕಿಂಗ್. ಬಿಳಿ ಕಾರಿನ ತುಂಬ ಕೇಸರಿ ಬಣ್ಣದ ಸೂಜಿಮೊನೆಯಷ್ಟು ಚುಕ್ಕೆಗಳು. ತುಕ್ಕು ಹಿಡಿಯುತ್ತಿದೆಯಾ?
– ಒಬ್ಬ ಓದುಗರು, ಅರಸೀಕೆರೆ

ತುಕ್ಕು ಹೌದು, ಆದರೆ ನಿಮ್ಮ ಕಾರಿನದ್ದಲ್ಲ, ರೈಲಿನದ್ದು! ಹಳಿ, ಚಕ್ರ, ಬ್ರೇಕು ಸವೆದಾಗ ಹಾರುವ ಕಬ್ಬಿಣದ ಪುಡಿ ಬಂದು ಪೇಂಟ್ ಮೇಲೆ ಕೂತು ಅಲ್ಲೇ ತುಕ್ಕು ಹಿಡಿಯುತ್ತದೆ. ತೊಳೆದ ಕಾರಿನ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಸವರಿ ನೋಡಿ, ಚಿರೋಟಿ ರವೆ ಚೆಲ್ಲಿದ ಹಾಗೆ ತರಿತರಿ ಸಿಗುತ್ತದೆ. ಐರನ್ ರಿಮೂವರ್ ಅಂತ ಸಿಗುತ್ತದೆ, ಸಿಂಪಡಿಸಿ ಮೂರ್ನಾಲ್ಕು ನಿಮಿಷದಲ್ಲಿ ಒಂದೊಂದು ಚುಕ್ಕೆಯಿಂದಲೂ ನೇರಳೆಹಣ್ಣಿನ ರಸದಂತೆ ಬಣ್ಣ ಇಳಿಯಲು ಶುರುವಾಗುತ್ತದೆ. ಒಣಗಲು ಬಿಡದೆ ನೀರು ಹಾಕಿ. ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ, ಹೆದರಬೇಡಿ, ಗ್ಲೌಸ್ ಮಾತ್ರ ಹಾಕಿಕೊಳ್ಳಿ. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಅಂಟಿದ ಕಣಗಳನ್ನು ಎತ್ತುವ ಮೆತ್ತನೆಯ ಜೇಡಿಯಂಥ ಉಂಡೆ, ಶಾಂಪೂ ನೀರು ಧಾರಾಳವಾಗಿ ಹಾಕಿ ಜಾರಿಸಿ. ಕ್ಲೇ ಕೆಳಗೆ ಬಿದ್ದರೆ ಎಸೆಯಿರಿ. ವರ್ಷಕ್ಕೆ ಒಂದು ಸಲ, ನಿಮಗೆ ಬೇಕಾದರೆ ಎರಡು ಸಲ, ಅಷ್ಟೇ. ಕ್ಲೇ ಆದ ಮೇಲೆ ವ್ಯಾಕ್ಸ್ ಹಾಕಲೇಬೇಕು, ಮೊದಲಿದ್ದದ್ದು ಅದರ ಜೊತೆ ಹೋಗಿರುತ್ತದೆ.

30,000 ರೂಪಾಯಿಗೆ 9ಎಚ್ ಸೆರಾಮಿಕ್ ಕೋಟಿಂಗ್ ಮಾಡುತ್ತಾರಂತೆ. ಐದು ವರ್ಷ ಒಂದು ಗೀರೂ ಬೀಳುವುದಿಲ್ಲ ಅಂತಾರೆ. ಮಾಡಿಸಲಾ?
– ಒಬ್ಬ ಓದುಗರು, ಮೈಸೂರು

9ಎಚ್ ಅಂದರೆ ಪೆನ್ಸಿಲ್ ಲೆಕ್ಕ. ಶಾಲೆಯಲ್ಲಿ ಎಚ್‌ಬಿ ಪೆನ್ಸಿಲ್ ಹಿಡಿದಿದ್ದೀರಲ್ಲ, ಅದೇ ಸಾಲಿನ ಕೊನೆಯ ಗಟ್ಟಿ ಪೆನ್ಸಿಲ್ 9ಎಚ್. ಆ ಪೆನ್ಸಿಲ್‌ನಿಂದ ಗೀಚಿದರೆ ಗೀರು ಬೀಳಲ್ಲ ಅಂತಷ್ಟೇ ಅರ್ಥ. ರಸ್ತೆಯ ಮರಳಿಗೆ ಆ ಪೆನ್ಸಿಲ್ ಯಾವ ಲೆಕ್ಕ? ಕೋಟಿಂಗ್ ಆದರೂ ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಗೀರು ಬೀಳುತ್ತದೆ.

ಹಾಗಂತ ಸೆರಾಮಿಕ್ ಕೋಟಿಂಗ್ ಮೋಸ ಅಲ್ಲ, ಪೇಂಟ್ ಮೇಲೆ ಗಟ್ಟಿಯಾಗಿ ಕೂರುವ ತೆಳು ರಕ್ಷಣಾ ಪದರ ಅದು. ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಉರುಳಿ ಹೋಗುತ್ತದೆ, ತೊಳೆಯುವುದು ಸಲೀಸು, ಹಕ್ಕಿ ಹಿಕ್ಕೆ ಒರೆಸಲು ಸ್ವಲ್ಪ ಹೆಚ್ಚು ಟೈಮ್ ಸಿಗುತ್ತದೆ. ಅಂಗಡಿಯವರನ್ನು ಎರಡೇ ಪ್ರಶ್ನೆ ಕೇಳಿ: ಕೋಟಿಂಗ್‌ಗೆ ಮುಂಚೆ ಗೀರು ಹೋಗಲಾಡಿಸುವ ಪಾಲಿಶ್ ಕೆಲಸಕ್ಕೆ, ಅಂದರೆ ಪೇಂಟ್ ಕರೆಕ್ಷನ್‌ಗೆ ಎಷ್ಟು ಗಂಟೆ ಕೊಡುತ್ತೀರಿ, ವಾರಂಟಿ ಉಳಿಯಬೇಕಾದರೆ ವರ್ಷಕ್ಕೆ ಎಷ್ಟು ಸಲ ಬಂದು ಎಷ್ಟು ದುಡ್ಡು ಕಟ್ಟಬೇಕು. ಮೊದಲನೆಯದಕ್ಕೆ ತಡವರಿಸಿದರೆ ಎದ್ದು ಬನ್ನಿ, ಗೀರುಗಳನ್ನು ಕೋಟಿಂಗ್ ಕೆಳಗೆ ಹಾಗೇ ಮುಚ್ಚಿಬಿಡುತ್ತಾರೆ. ನೀವು ಈಗಷ್ಟೇ ಕಲಿಯುತ್ತಿರುವವರಾದರೆ ಮೂರು ತಿಂಗಳಿಗೊಮ್ಮೆ ಸ್ಪ್ರೇ ಸೀಲಂಟ್ (ವ್ಯಾಕ್ಸ್‌ನಂತೆಯೇ ರಕ್ಷಣೆ ಕೊಡುವ ಸಿಂಥೆಟಿಕ್ ಸ್ಪ್ರೇ) ಹೊಡೆದುಕೊಂಡು ಒಂದು ವರ್ಷ ನೋಡಿ. ಕಲ್ಲು ಸಿಡಿಯುವುದೇ ನಿಮ್ಮ ಚಿಂತೆಯಾದರೆ ಅದಕ್ಕೆ ಪಿಪಿಎಫ್, ಅಂದರೆ ಪೇಂಟ್ ಮೇಲೆ ಅಂಟಿಸುವ ಪಾರದರ್ಶಕ ರಕ್ಷಣಾ ಫಿಲ್ಮ್ ಬೇಕು, ಅದರ ರೇಟು ಕೇಳಿದರೆ 30,000 ಅಗ್ಗ ಅನ್ನಿಸುತ್ತದೆ.

ಎಂಟು ವರ್ಷದ ಕಪ್ಪು ಕಾರು. ಪಾಲಿಶಿಂಗ್ ಮಷಿನ್ ತಗೊಂಡು ನಾನೇ ಮಾಡಬಹುದಾ?
– ಒಬ್ಬ ಓದುಗರು, ಮಂಗಳೂರು

ಮಾಡಬಹುದು, ಆದರೆ ನನ್ನ ಕಥೆ ಕೇಳಿ ಆಮೇಲೆ. ಶುರುವಿನ ದಿನಗಳಲ್ಲಿ ಟಿಂಕರಿಂಗ್ ಶಾಪಿನ ಗೆಳೆಯನಿಂದ ರೋಟರಿ ಮಷಿನ್, ಅಂದರೆ ಒಂದೇ ಸಮನೆ ಸುತ್ತು ತಿರುಗುವ ಪಾಲಿಶಿಂಗ್ ಮಷಿನ್, ಎರವಲು ತಂದೆ. ಬಾನೆಟ್ ನಡುಭಾಗ ಕನ್ನಡಿ ಆಯಿತು. ಖುಷಿಗೆ ತಲೆ ತಿರುಗಿ ಅಂಚಿನ ಹತ್ತಿರ ಇನ್ನೂ ಸ್ವಲ್ಪ ಒತ್ತಿದೆ. ಪ್ಯಾಡ್ ಎತ್ತಿದಾಗ ಅಂಚಿನುದ್ದಕ್ಕೂ ಬೆರಳಗಲದ ಬೂದು ಗೆರೆ, ಬಣ್ಣದ ಅಡಿಯ ಪ್ರೈಮರ್ ಪದರ ಹೊರಗೆ ಬಂದಿತ್ತು. ಹೊಳಪಿಗೆ ಅಂತ ಹೋಗಿ ಬಾನೆಟ್ ಪೂರ್ತಿ ಪೇಂಟ್ ಮಾಡಿಸಿದೆ. ಮನೆಯಲ್ಲಿ ಇವತ್ತಿಗೂ ಅದರ ಮಾತು ಬರುತ್ತದೆ.

ಅಂಚಿನಲ್ಲಿ ಪೇಂಟ್ ತೆಳು, ಬಿಸಿಯೂ ಜಾಸ್ತಿ. ಹಾಗಾಗಿ ರೋಟರಿ ಬೇಡ, ಡಿಎ ಅಂದರೆ ಡ್ಯುಯಲ್ ಆ್ಯಕ್ಷನ್ ಮಷಿನ್ ತಗೊಳ್ಳಿ. ಅದು ತಿರುಗುತ್ತಲೇ ಓಲಾಡುತ್ತದೆ, ಜಾಸ್ತಿ ಒತ್ತಿದರೆ ತಿರುಗುವುದನ್ನೇ ನಿಲ್ಲಿಸುತ್ತದೆ, ನಮ್ಮಂಥವರಿಗೆ ಅದೇ ಒಳ್ಳೆಯದು. ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಮೆತ್ತನೆಯ ಪ್ಯಾಡ್, ನಯವಾದ ಪಾಲಿಶ್, ಎರಡು ಅಡಿ ಚೌಕದಲ್ಲಿ ಮಾಡಿ ನೋಡಿ. ಗೀರು ಮುಕ್ಕಾಲು ಭಾಗ ಹೋದರೆ ಸಾಕು ಅಂದುಕೊಳ್ಳಿ. ಪ್ರತಿ ಸಲವೂ ಆ 40 ಮೈಕ್ರಾನ್‌ನಿಂದ ಒಂದಿಷ್ಟು ಹೋಗುತ್ತದೆ, ಮತ್ತೆ ಬರುವುದಿಲ್ಲ. ಹಿಂದೆ ಎಲ್ಲಾದರೂ ರೀಪೇಂಟ್ ಆಗಿದ್ದರೆ ಆ ಭಾಗವನ್ನು ಮುಟ್ಟುವ ಮುಂಚೆ ಪೇಂಟ್ ದಪ್ಪ ಅಳೆಸಿ.

ಡ್ಯಾಶ್‌ಬೋರ್ಡ್‌ಗೆ ಕೊಬ್ಬರಿ ಎಣ್ಣೆ, ಕಾರಿನ ಮೈಗೆ ಸೀಮೆಎಣ್ಣೆ ಒರೆಸಿದರೆ ಒಳ್ಳೆಯದು ಅಂತಾರೆ, ನಿಜವಾ?
– ಒಬ್ಬ ಓದುಗರು, ದಾವಣಗೆರೆ

ಎರಡೂ ಮೊದಲ ದಿನ ಚೆಂದ. ಮೂರನೇ ದಿನಕ್ಕೆ ಊರಿನ ಧೂಳೆಲ್ಲ ಅಲ್ಲೇ. ಜೊತೆಗೆ ಎಣ್ಣೆ ಹಚ್ಚಿದ ಡ್ಯಾಶ್‌ಬೋರ್ಡ್ ಮಧ್ಯಾಹ್ನದ ಬಿಸಿಲಲ್ಲಿ ಮುಂದಿನ ಗಾಜಿನೊಳಗೆ ಹೊಳೆದು ರಸ್ತೆಯೇ ಕಾಣಲ್ಲ. ಒದ್ದೆ ಮೈಕ್ರೋಫೈಬರ್ ಸಾಕು. ಡಾಂಬರು ಅಂಟಿದ ಜಾಗಕ್ಕೆ ಮಾತ್ರ ಒಂದು ಹನಿ ಸೀಮೆಎಣ್ಣೆ, ಆಮೇಲೆ ಶಾಂಪೂ.

ಮಳೆಗಾಲ ಮುಗಿಯುವಷ್ಟರಲ್ಲಿ ಸೀಟಿನ ಮೇಲೆ ಬೂಸ್ಟು, ಒಳಗೆಲ್ಲ ಮುಗ್ಗಲು ವಾಸನೆ. ಯಾವ ಪರ್ಫ್ಯೂಮ್ ಇಡಲಿ?
– ಒಬ್ಬ ಓದುಗರು, ತೀರ್ಥಹಳ್ಳಿ

ಪರ್ಫ್ಯೂಮ್ ಇಟ್ಟರೆ ಮುಗ್ಗಲು ಮಲ್ಲಿಗೆ ಆಗುತ್ತದೆ, ಅಷ್ಟೇ. ಮೊದಲು ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ, ನೀರು ಅಲ್ಲಿರುತ್ತದೆ. ಬಿಸಿಲು ಬಂದ ದಿನ ನಾಲ್ಕೂ ಬಾಗಿಲು ತೆಗೆದು ಒಣಗಿಸಿ. ಬೂಸ್ಟನ್ನು ಮಾಸ್ಕ್ ಹಾಕಿಕೊಂಡು ವ್ಯಾಕ್ಯೂಮ್ ಮಾಡಿ, ಮೈಲ್ಡ್ ಕ್ಲೀನರ್‌ನಲ್ಲಿ ಒರೆಸಿ. ಮನೆ ತಲುಪುವ ಐದು ನಿಮಿಷ ಮುಂಚೆ ಎಸಿ ಆಫ್ ಮಾಡಿ ಬರೀ ಫ್ಯಾನ್ ಓಡಿಸಿದರೆ ಎಸಿಯ ಒಳಗಿನ ಕಾಯಿಲ್ ಒಣಗುತ್ತದೆ. ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಬದಲಾಯಿಸಿ.

ಆಯುಧಪೂಜೆಗೆ ಕುಂಕುಮ ಇಟ್ಟ ಕಲೆ ಕಳೆದ ವರ್ಷದ್ದೇ ಇನ್ನೂ ಇದೆ. ಈ ಸಲ ಏನು ಮಾಡಲಿ?
– ಒಬ್ಬ ಓದುಗರು, ಮಂಡ್ಯ

ಪೂಜೆಯ ಹಿಂದಿನ ದಿನ ವ್ಯಾಕ್ಸ್ ಹಾಕಿ, ಕಲೆ ಒಳಗಿಳಿಯಲು ಅಷ್ಟು ಸುಲಭಕ್ಕೆ ಆಗುವುದಿಲ್ಲ. ಕುಂಕುಮವನ್ನು ನೀರಲ್ಲಿ ಕಲಸಿ ಬಳಿಯುವ ಬದಲು ಗಂಧದ ಬೊಟ್ಟಿನ ಮೇಲೆ ಸ್ವಲ್ಪವೇ ಇಡಿ. ಬೊಟ್ಟು ಗಾಜಿನ ಮೇಲೆ ಅಥವಾ ನಂಬರ್ ಪ್ಲೇಟ್ ಮೇಲೆ ಇದ್ದರೂ ದೇವರು ಒಪ್ಪುತ್ತಾನೆ, ನಮ್ಮ ಮನೆಯ ಹಿರಿಯರನ್ನು ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು. ಸಂಜೆ ಪುಡಿಯನ್ನು ಉಜ್ಜದೆ ನೀರು ಹಾಯಿಸಿ ತೊಳೆಯಿರಿ. ಸೀಟಿನ ಮೇಲೆ ಉದುರಿದ್ದರೆ ಮೊದಲು ವ್ಯಾಕ್ಯೂಮ್, ನೀರು ತಾಗಿಸಿದರೆ ಕೆಟ್ಟಿತು. ಹಾರಕ್ಕೆ ದಾರ ಕಟ್ಟಿ, ಟೇಪ್ ಬೇಡ. ಅಂಟಿನ ಗುರುತು ಇದ್ದರೆ ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿ ಕೊಬ್ಬರಿ ಎಣ್ಣೆ ಸವರಿ ತೆಗೆಯಿರಿ, ನೋಡಿ, ಕೊಬ್ಬರಿ ಎಣ್ಣೆಗೂ ಒಂದು ಕೆಲಸ ಸಿಕ್ಕಿತು. ಬಾಳೆಕಂದಿನ ರಸ ಒಣಗಿದರೆ ಕಂದು ಕಲೆ, ಕಡಿದ ತುದಿಗೆ ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಹಳೆಯ ಕಲೆ ಮೇಲೆ ನಯವಾದ ಪಾಲಿಶನ್ನು ಬೆರಳಿನಲ್ಲೇ ಬಟ್ಟೆ ಸುತ್ತಿ ಉಜ್ಜಿ ನೋಡಿ, ಸ್ವಲ್ಪವಾದರೂ ತಿಳಿಯಾಗುತ್ತದೆ.

ಬೂದುಗುಂಬಳಕಾಯಿಯನ್ನು ಮಾತ್ರ ಬಂಪರ್‌ನಿಂದ ಒಂದು ಹತ್ತಡಿ ದೂರದಲ್ಲಿ ಒಡೆಯಿರಿ. ಒಳಗೆ ತುಂಬಿದ ಕುಂಕುಮ ಎಷ್ಟು ದೂರ ಸಿಡಿಯುತ್ತದೆ ಅಂತ ಒಡೆದವರಿಗೇ ಗೊತ್ತು.