ಹೌಮೆಯಾ ಲೇಖನ: ಈ ರೂಪದಲ್ಲಿ ಬೇಡ

ನಮಸ್ಕಾರ,

ಹವಾಯಿಯ ಸಂತಾನ ದೇವತೆ ಹೌಮೆಯಾ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈ ರೂಪದಲ್ಲಿ ಹಾಕಲು ಆಗುವುದಿಲ್ಲ. ವಿಷಯವನ್ನು ಮಾತ್ರ ಕೈಬಿಡಬೇಡಿ.

ಮೊದಲ ಪುಟ ಪೂರ್ತಿ ತಾಯ್ತನದ ಹೊಗಳಿಕೆ. ಅದನ್ನು ಯಾವ ದೇವಿಗೆ ಬೇಕಾದರೂ ಹಚ್ಚಬಹುದು, ಅಲ್ವಾ? ಹೌಮೆಯಾ ಬಂದ ಮೇಲೂ ‘ಕರುಣಾಮಯಿ’, ‘ಜಗನ್ಮಾತೆ’ ಎನ್ನುತ್ತಲೇ ಹೋಗಿದ್ದೀರಿ. ಅವಳು ಏನು ಮಾಡಿದಳು ಅಂತ ಹೇಳಿ.

ನಿಮ್ಮ ಕೈಯಲ್ಲಿರುವ ಒಳ್ಳೆಯ ಕಥೆ ಮುಲೆಯುಲಾಳದು. ಅದಕ್ಕೆ ಕೊಟ್ಟಿರುವುದು ಒಂದೇ ಸಾಲು! ಒಲೋಪಾನ ಎಂಬ ನಾಯಕನ ಮಗಳು ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದಾಳೆ. ಆ ಕಥೆಯ ಲೋಕದಲ್ಲಿ ಮಗು ಹೊರಗೆ ಬರಬೇಕಾದರೆ ತಾಯಿಯ ಹೊಟ್ಟೆ ಸೀಳಬೇಕು. ಹೌಮೆಯಾ ಬಂದು, ಸೀಳದೆ ಹೆರಿಗೆ ಮಾಡಿಸುತ್ತೇನೆ ಎನ್ನುತ್ತಾಳೆ. ಸುಮ್ನೆ ಅಲ್ಲ, ಮುಲೆಯುಲಾಳ ಹೂವಿನ ಮರ ತನಗೆ ಬೇಕು. ನೋವು ತಿನ್ನುತ್ತಿರುವವಳ ಮುಂದೆ ದೇವತೆ ವ್ಯಾಪಾರಕ್ಕೆ ನಿಂತಿದ್ದಾಳೆ. ಲೇಖನ ಇಲ್ಲಿಂದಲೇ ಶುರುವಾಗಲಿ.

ಇನ್ನು ನೀವು ಬಿಟ್ಟಿರುವ ಸಂಗತಿ. ಹೌಮೆಯಾ ಮತ್ತೆ ಮತ್ತೆ ಹರೆಯದವಳಾಗಿ ಬಂದು ತನ್ನದೇ ಮಕ್ಕಳು, ಮೊಮ್ಮಕ್ಕಳ ಜೊತೆ ಸಂಸಾರ ಮಾಡುತ್ತಾಳೆ. ನಿಮ್ಮ ಮುಜುಗರ ಅರ್ಥವಾಗುತ್ತದೆ. ಆದರೆ ಇದು ಇರುವುದು ‘ಕುಮುಲಿಪೋ’ದಲ್ಲಿ. ಅದು ಸೃಷ್ಟಿಯ ಹಾಡೂ ಹೌದು, ಅರಸರ ವಂಶಾವಳಿಯೂ ಹೌದು. 1893ರಲ್ಲಿ ಪಟ್ಟ ಕಳೆದುಕೊಂಡ ರಾಣಿ ಲಿಲಿಯುವೊಕಲಾನಿ 1897ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಆ ಜನ ತಮ್ಮ ಅರಸರ ಹಾಡಿನಲ್ಲೇ ಇಟ್ಟುಕೊಂಡಿದ್ದನ್ನು ನಾವು ಯಾಕೆ ತೊಳೆದು ಬಡಿಸಬೇಕು?

ಜೀಗುಜ್ಜೆ ಮರದ ಪ್ರಸಂಗ ಮುಟ್ಟಬೇಡಿ. ಓವಾಹು ದ್ವೀಪದಲ್ಲಿ ಗಂಡ ವಾಕೆಯಾನನ್ನು ಬಲಿಗೆ ಒಯ್ಯುವಾಗ ಅವಳು ಅವನನ್ನು ತಬ್ಬಿಕೊಳ್ಳುತ್ತಾಳೆ, ಇಬ್ಬರೂ ಮರದೊಳಗೆ ಮಾಯವಾಗುತ್ತಾರೆ. ಅಲ್ಲಿ ನಿಮಗೆ ಹೊಗಳಲು ಪುರುಸೊತ್ತೇ ಸಿಕ್ಕಿಲ್ಲ. ಅದಕ್ಕೇ ಓದಿಸಿಕೊಂಡು ಹೋಗುತ್ತದೆ.

ಹೌಮೆಯಾ ಹೆಸರಿನ ಕುಬ್ಜಗ್ರಹದ ಪ್ಯಾರಾ ಇರಲಿ. 2008ರಲ್ಲಿ ಈ ಹೆಸರಿಟ್ಟರು ಎಂದಷ್ಟೇ ಬರೆದಿದ್ದೀರಿ, ಯಾಕೆ ಎಂದಿಲ್ಲ. ಹೌಮೆಯಾಳ ಮಕ್ಕಳು ಅವಳ ಮೈಯ ಬೇರೆ ಬೇರೆ ಭಾಗಗಳಿಂದ ಹುಟ್ಟಿದವರು. ಆ ಗ್ರಹದ ಚಂದ್ರರೂ ಹಳೆಯ ಡಿಕ್ಕಿಯೊಂದರಲ್ಲಿ ಅದರಿಂದಲೇ ಸಿಡಿದವು ಎಂದು ವಿಜ್ಞಾನಿಗಳು ಊಹಿಸಿದ್ದರು. ಅವಕ್ಕೆ ಹಿಯಿಯಾಕಾ, ನಾಮಕಾ ಎಂದು ಅವಳ ಹೆಣ್ಣುಮಕ್ಕಳ ಹೆಸರೇ ಇದೆ.

ತಿದ್ದಿ ಕಳಿಸಿ. 800 ಪದ ದಾಟಿಸಬೇಡಿ. ಜಾಸ್ತಿಯಾದರೆ ಕತ್ತರಿ ನಾನೇ ಹಾಕುತ್ತೇನೆ, ಆಮೇಲೆ ಬೇಜಾರು ಮಾಡಿಕೊಳ್ಳಬಾರದು.

– ಸಂಪಾದಕ